ಇ-ಟೈಪ್ ಗೆದ್ದಿತು ಅಂತ ಅಷ್ಟು ಬೇಗ ಹೇಳ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಯಲ್ಲಿ ಜಾಗ್ವಾರ್ ಇ-ಟೈಪ್ ರೋಡ್‌ಸ್ಟರ್ ಮತ್ತು ಮರ್ಸಿಡಿಸ್ ‘ಪಗೋಡ’ ಎಸ್‌ಎಲ್ ಅನ್ನೋ ಎರಡು ಹಳೇ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಬಂದ ಲೇಖನ ಓದಿದೆ, ಖುಷಿನೂ ಆಯ್ತು, ಸ್ವಲ್ಪ ಹೊಟ್ಟೆ ಉರೀತು. ಗಂಟೆಗೆ 150 ಮೈಲಿ ಓಡೋದ್ರಿಂದ ಇ-ಟೈಪೇ ಗೆದ್ದಿತು ಅಂತ ಎರಡೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಲ್ಲ, ಅದಕ್ಕೇ ಈ ಪತ್ರ.

ವೇಗದಲ್ಲಿ ತಕರಾರಿಲ್ಲ. 1961ರ ಮಾರ್ಚಲ್ಲಿ ಜಿನೀವಾ ಮೋಟಾರ್ ಶೋದಲ್ಲಿ ಬಂದ ಇ-ಟೈಪಿಗೆ 3.8 ಲೀಟರ್, ಆರು ಸಿಲಿಂಡರ್, ಮೂರು ಎಸ್‌ಯು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ), 265 ಹಾರ್ಸ್‌ಪವರ್ ಅಂತ ಕಂಪನಿ ಲೆಕ್ಕ. ಎರಡು ವರ್ಷ ಬಿಟ್ಟು ಅದೇ ಜಿನೀವಾದಲ್ಲಿ ಬಂದ ಪಗೋಡದ ಮೊದಲ ಮಾಡೆಲ್ 230 ಎಸ್‌ಎಲ್‌ಗೆ 150 ಹಾರ್ಸ್‌ಪವರ್ ಅಷ್ಟೇ. ಆದ್ರೆ ಇ-ಟೈಪಿನ ಆ 150 ಮೈಲಿ ಇದೆಯಲ್ಲ, ಅದು ಪತ್ರಿಕೆಯವ್ರಿಗೆ ಟೆಸ್ಟ್ ಮಾಡೋಕೆ ಅಂತ ಚೆನ್ನಾಗಿ ತಯಾರು ಮಾಡಿ ಕೊಟ್ಟ ಕಾರುಗಳದ್ದು, ಶೋರೂಮಿಂದ ತಗೊಂಡವ್ರಿಗೆ ಅಷ್ಟು ಸಿಕ್ತಾ ಇರ್ಲಿಲ್ಲ. ಇನ್ನು ಪಗೋಡ ಬರೀ ಶೋಕಿ ಗಾಡಿ ಅಂತೀರಾ? 1963ರಲ್ಲಿ ಸ್ಪಾ-ಸೋಫಿಯಾ-ಲೀಜ್ ರ‍್ಯಾಲಿ ಗೆದ್ದಿದ್ದು ಯೂಜೆನ್ ಬೋರಿಂಗರ್ ಓಡಿಸಿದ 230 ಎಸ್‌ಎಲ್ಲೇ, ಅದೂ ಕಾರು ಮುರಿಯೋಂಥ ರಸ್ತೆಗಳಲ್ಲಿ.

ನನಗೆ ನಿಜವಾಗ್ಲೂ ಮಜಾ ಅನ್ಸೋದು ಕಲೆಕ್ಟರ್‌ಗಳ ಲೆಕ್ಕ. ಇ-ಟೈಪಲ್ಲಿ ಅವ್ರು ಸಾಯೋದು ಮೊದಮೊದಲ ಫ್ಲ್ಯಾಟ್ ಫ್ಲೋರ್ (ಕಾಲಿಡೋ ಕಡೆ ತಗ್ಗಿಲ್ಲದ ಚಪ್ಪಟೆ ನೆಲದ) ಕಾರುಗಳಿಗೆ, ಕಾಲಿಡೋಕೆ ಸರಿಯಾಗಿ ಜಾಗ ಇರಲ್ಲ, ಫಸ್ಟ್ ಗೇರಿಗೆ ಸಿಂಕ್ರೋ (ಗೇರು ಸಲೀಸಾಗಿ ಬೀಳೋ ವ್ಯವಸ್ಥೆ) ಇಲ್ಲ, ಆದ್ರೂ ಅದೇ ಬೇಕು! ಓಡ್ಸೋಕೆ ಸುಖ ಅಂದ್ರೆ 1964ರ ಕೊನೆಯಲ್ಲಿ ಬಂದ 4.2 ಲೀಟರಿನ ಇ-ಟೈಪು, ಹಾರ್ಸ್‌ಪವರ್ ಅಷ್ಟೇ ಇದ್ರೂ ಟಾರ್ಕ್ (ಎಳೆಯೋ ಶಕ್ತಿ) ಜಾಸ್ತಿ, ಗೇರ್‌ಬಾಕ್ಸು ಸೀಟು ಎಲ್ಲಾ ವಾಸಿ. ಪಗೋಡದಲ್ಲಿ ಪೂರ್ತಿ ಉಲ್ಟಾ. ಅಲ್ಲಿ ಎಲ್ರಿಗೂ ಬೇಕಾಗಿರೋದು ಕೊನೆಯ 280 ಎಸ್‌ಎಲ್, ಯಾಕಂದ್ರೆ ಅದು ಬರ್ತಾ ಬರ್ತಾ ಸುಧಾರಿಸಿದ ಕಾರು, ನಡುವಿನ ಮಾಡೆಲ್ 250ರಲ್ಲಿ ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಬಂತು, 280ರಲ್ಲಿ ಪವರ್ 170ಕ್ಕೆ ಏರ್ತು. ಇ-ಟೈಪಿಗೆ ಆ 4.2 ಆದ್ಮೇಲೆ ಹಾಗಾಗ್ಲಿಲ್ಲ, ಅಮೆರಿಕದ ರೂಲ್ಸಿಗೆ ತಲೆಬಾಗಿ ಹೆಡ್‌ಲೈಟಿನ ಗಾಜಿನ ಮುಚ್ಚಳ ಹೋಯ್ತು, ಅಲ್ಲಿಗೆ ಹೋದ ಕಾರುಗಳಲ್ಲಿ ಮೂರು ಕಾರ್ಬುರೇಟರ್ ಹೋಗಿ ಎರಡಾಯ್ತು.

ಪಗೋಡ ಮೂರೂ ಮಾಡೆಲ್ ಸೇರಿ 48,912 ತಯಾರಾಗಿದ್ವು, ಇ-ಟೈಪ್ 70 ಸಾವಿರದ ಮೇಲೆ, ಅಂದ್ರೆ ಎರಡೂ ಅಪರೂಪ ಅಂತ ಹೇಳೋಕಾಗಲ್ಲ. ಹಾಗಾಗಿ ಬೆಲೆ ನಿಲ್ಲೋದು ಇಂಜಿನ್ ನಂಬರ್ರು ಚಾಸಿಸ್ ನಂಬರ್ರು ಫ್ಯಾಕ್ಟರಿ ದಾಖಲೆಗೆ ತಾಳೆ ಆಗುತ್ತಾ, ಅಡಿಯಲ್ಲಿ ತುಕ್ಕು ಎಷ್ಟು ತಿಂದಿದೆ ಅನ್ನೋದ್ರ ಮೇಲೆ. ಪಗೋಡದ ಬಾಗಿಲು, ಬಾನೆಟ್ಟು ಅಲ್ಯೂಮಿನಿಯಂ, ಅದನ್ನ ನೋಡಿ ಮೋಸ ಹೋಗ್ತಾರೆ, ಕೆಳಗಿರೋದೆಲ್ಲ ಉಕ್ಕೇ ಸ್ವಾಮಿ.

ಎರಡರಲ್ಲಿ ಒಂದನ್ನೂ ಕೊಳ್ಳೋ ಯೋಗ ನನಗಿಲ್ಲ ಬಿಡಿ, ಹುಚ್ಚು ಮಾತ್ರ ಇದೆ. ಇನ್ನೊಂದು ಮಾತು, ನೀವು ‘1961ರ ಇ-ಟೈಪ್’ ಅಂತ ಹಾಕಿದ ಫೋಟೋದಲ್ಲಿ ಹೆಡ್‌ಲೈಟಿಗೆ ಗಾಜಿನ ಮುಚ್ಚಳ ಇಲ್ಲ, ಹಿಂದಿನ ಲೈಟು ಬಂಪರಿನ ಕೆಳಗಿದೆ. ಅದು ಸೀರೀಸ್ 2, ಅಂದ್ರೆ ಆ ಅಮೆರಿಕದ ರೂಲ್ಸ್ ಬಂದ್ಮೇಲಿನ ಎರಡನೇ ತಲೆಮಾರಿನ ಇ-ಟೈಪು. ದಯವಿಟ್ಟು ತಿದ್ದುಪಡಿ ಹಾಕಿ.

ಇಂತಿ,
ನಿಮ್ಮ ಹಳೇ ಓದುಗ