‘ತಾಯಿ’ ಎಂಬ ಶಬ್ದಕ್ಕೆ ಅಪಚಾರವಾಗಿಲ್ಲ

ಮಾನ್ಯ ಸಂಪಾದಕರೇ,

ಲಿಂಗತ್ವ ಅಲ್ಪಸಂಖ್ಯಾತರ ಆತ್ಮಕಥೆಗಳನ್ನು ಕುರಿತು ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಬಂದ ಲೇಖನಕ್ಕೆ ಪ್ರತಿಕ್ರಿಯಿಸಿರುವ ಓದುಗರೊಬ್ಬರು, ಇಂಥ ಪುಸ್ತಕಗಳಿಂದ ‘ತಾಯಿ’ ಎಂಬ ಶಬ್ದಕ್ಕೇ ಅಪಚಾರವಾಗುತ್ತಿದೆಯೆಂದೂ, ಹೆರದವರು ತಾಯಿ ಎನಿಸಿಕೊಳ್ಳುವುದು ಹೊರದೇಶದಿಂದ ಬಂದ ಚಾಳಿಯೆಂದೂ ಬರೆದಿದ್ದಾರೆ. ಪ್ರೌಢಶಾಲೆಯಲ್ಲಿ 31 ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಹೆಣ್ಣೆಂದು ತಿಳಿದು ಬೆಳೆಸಿದ ನನ್ನ ಮಗು ಇಂದು ಗಂಡಾಗಿ ಬದುಕುತ್ತಿದ್ದಾನೆ. ಆದ್ದರಿಂದ ಶಬ್ದದ ಬಗ್ಗೆಯೂ ತಾಯ್ತನದ ಬಗ್ಗೆಯೂ ಎರಡು ಮಾತು ಬರೆಯುವುದು ಉದ್ಧಟತನವಾಗಲಾರದು ಎಂದುಕೊಂಡಿದ್ದೇನೆ.

ಪತ್ರ ಬರೆದವರು ನಮ್ಮ ಹಾಸನದವರೇ. ವರ್ಷಕ್ಕೊಮ್ಮೆ ಆಶ್ವೀಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಅವರೂ ನನ್ನಂತೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದಾರು. ಅಷ್ಟು ಹೊತ್ತು ಕಾದು ಒಳಗೆ ಹೋಗಿ ‘ತಾಯೇ, ಕಾಪಾಡು’ ಎಂದು ನಾವು ಕೈಮುಗಿಯುವುದು ಹುತ್ತದ ರೂಪಕ್ಕೆ. ಆಕೆ ಯಾರನ್ನು ಹೆತ್ತವಳೆಂದು ಆ ಸಾಲಿನಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ. ಸಾಕುತಾಯಿ, ದೊಡ್ಡಮ್ಮ, ಚಿಕ್ಕಮ್ಮ ಎನ್ನುವ ಮಾತುಗಳನ್ನೂ ನಾವು ಹೊರದೇಶದಿಂದ ತರಿಸಿಕೊಂಡದ್ದಲ್ಲ.

ಇನ್ನು ಅವರು ಆಕ್ಷೇಪಿಸಿರುವ ಪುಸ್ತಕಗಳ ವಿಚಾರ. ಹಿಜ್ರಾ ಸಮುದಾಯದ ಟ್ರಾನ್ಸ್ ಮಹಿಳೆ, ಅಂದರೆ ಗಂಡೆಂದು ಬೆಳೆಸಲ್ಪಟ್ಟು ಹೆಣ್ಣಾಗಿ ಬದುಕುವ ಎ. ರೇವತಿಯವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು; ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದು ರಂಗವನ್ನೂ ಏರಿತು. ಹುಟ್ಟಿದ ಮನೆಯಲ್ಲಿ ಪೆಟ್ಟು ತಿಂದ ಜೀವವೊಂದು ಹಿಜ್ರಾಗಳ ಮನೆ ಸೇರಿ, ಅಲ್ಲಿಯ ಗುರುವನ್ನು ಅಮ್ಮ ಎಂದು ಕರೆದು ಮಗಳಾಗುವ ಬಗೆಯನ್ನು ಅದರಷ್ಟು ವಿವರವಾಗಿ ಹೇಳುವ ಪುಸ್ತಕ ನಮ್ಮಲ್ಲಿ ವಿರಳ. ಆ ಅಮ್ಮಂದಿರನ್ನು ದೇವತೆಗಳನ್ನಾಗಿ ಮಾಡುವ ಗೋಜಿಗೆ ರೇವತಿಯವರು ಹೋಗುವುದಿಲ್ಲ. ಗದರುವವರು, ಕಟ್ಟುಪಾಡಿನ ಹೆಸರಿನಲ್ಲಿ ಹಿಂಸೆ ಕೊಡುವವರು ಅಲ್ಲಿಯೂ ಇದ್ದಾರೆ, ಯಾವ ಕುಟುಂಬದಲ್ಲಿ ಇಲ್ಲ? ಟ್ರಾನ್ಸ್ ಮಹಿಳೆಯೇ ಆದ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರ ಸಂಗತಿಯನ್ನಂತೂ ಓದಿಯೇ ತಿಳಿಯಬೇಕಿಲ್ಲ, ಅದನ್ನು ದೇಶವೇ ನೋಡಿದೆ. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದಾಗ ಅವರು ಸೆರಗಿನ ತುದಿ ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಪರೀಕ್ಷೆಗೆ ಹೊರಟ ಮಗುವಿಗೆ ಮನೆಯ ಹಿರಿಯ ಹೆಂಗಸು ಮಾಡುವ ಕೆಲಸವದು.

ನನ್ನ ಮಗ ನನಗೆ ವಿಷಯ ತಿಳಿಸುವ ಮೊದಲು ‘ಬದುಕು ಬಯಲು’ವಿನ ಒಂದು ಪ್ರತಿಯನ್ನು, ಅಲ್ಲಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ನಾನು ದಿನವೂ ಕನ್ನಡಕ ಇಡುವ ಕಪಾಟಿನಲ್ಲಿ ಬಿಟ್ಟು ಬೆಂಗಳೂರಿಗೆ ಹೋಗಿದ್ದ. ನಾನು ಓದಿದೆ, ಕಣ್ಣು ಒರೆಸಿಕೊಂಡೆ. ಅದು ಬೇರೆ ಯಾರದೋ ಕಥೆ ಎಂದುಕೊಂಡು ಮುಚ್ಚಿಟ್ಟೆ. ತಿಂಗಳ ನಂತರ ಅವನ ಫೋನು ಬಂತು. ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಮುದ್ದಿಗೆ ‘ಬಾರೋ ಪುಟ್ಟ’, ‘ಊಟ ಮಾಡೋ ಮಗನೇ’ ಎನ್ನುವುದು ವಾಡಿಕೆ. ನಾನೂ ಇಪ್ಪತ್ತು ವರ್ಷ ಹಾಗೆಯೇ ಕರೆದವಳು. ‘ಅಮ್ಮ, ಮುದ್ದಿಗೆ ಕರೀತಿದ್ದೆಯಲ್ಲ, ಇನ್ನು ಮೇಲೆ ಅದನ್ನೇ ನಿಜವಾಗಿ ಕರಿ’ ಎಂದ. ಅಷ್ಟು ಸಲೀಸಾಗಿ ಬರುತ್ತಿದ್ದ ಮಾತಿಗೆ ಅಂದು ನಾಲಿಗೆ ಏಳಲಿಲ್ಲ. ಕುಕ್ಕರ್ ಕೂಗಿತು, ಒಲೆ ಆರಿಸುವ ನೆಪದಲ್ಲಿ ಫೋನು ಇಟ್ಟೆ. ಹೆಣ್ಣು ಗಂಡಿನ ಈ ಚರ್ಚೆ ಬಂದಾಗಲೆಲ್ಲ, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎನ್ನುವ ಜೇಡರ ದಾಸಿಮಯ್ಯನ ವಚನವನ್ನು ಮುಂದಿಟ್ಟು ಕೈತೊಳೆದುಕೊಳ್ಳುವುದು ನಮಗೆ ರೂಢಿಯಾಗಿದೆ. ಆ ವಚನವನ್ನು ನಾನೇ ಎಷ್ಟೋ ತರಗತಿಗಳಿಗೆ ಬಿಡಿಸಿ ಹೇಳಿದ್ದೆನಾದರೂ ಆ ಸಂಜೆ ಅದು ನನ್ನ ನೆರವಿಗೆ ಬರಲಿಲ್ಲ. ಬಂದದ್ದು ಆ ಪೆನ್ಸಿಲ್ ಗೆರೆಗಳು. ರಾತ್ರಿ ಮತ್ತೆ ಪುಸ್ತಕ ತೆರೆದು ನೋಡಿದರೆ, ಅವನು ಗೆರೆ ಎಳೆದದ್ದು ಹೆಚ್ಚಿನ ಪಾಲು ದೇಹದ, ಶಸ್ತ್ರಚಿಕಿತ್ಸೆಯ ಪುಟಗಳಲ್ಲಲ್ಲ, ಅಮ್ಮನ ಪ್ರಸ್ತಾಪ ಬರುವ ಪುಟಗಳಲ್ಲಿ.

ಕಾನೂನಿನ ದೃಷ್ಟಿಯಿಂದಲೂ ಈ ಶಬ್ದದ ಗಡಿ ಇನ್ನೂ ತೀರ್ಮಾನವಾಗಿಲ್ಲ. ಕುಟುಂಬವೆಂದರೆ ಗಂಡ, ಹೆಂಡತಿ, ಮಕ್ಕಳು ಮಾತ್ರವಲ್ಲ, ಸಲಿಂಗಿ ಸಂಬಂಧಗಳೂ ಅದರ ಒಂದು ರೂಪವಾಗಬಹುದು ಎಂದು 2022ರ ಆಗಸ್ಟಿನಲ್ಲಿ ಹೇಳಿದ ಸುಪ್ರೀಂ ಕೋರ್ಟೇ, 2023ರ ಅಕ್ಟೋಬರ್ 17ರಂದು ಸಲಿಂಗಿಗಳ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಅಂಥ ಜೋಡಿಗಳು ಒಟ್ಟಾಗಿ ದತ್ತು ಪಡೆಯುವ ಹಕ್ಕನ್ನೂ 3:2ರ ಬಹುಮತದಿಂದ ಒಪ್ಪಲಿಲ್ಲ. ಆದರೆ ಕೇರಳದಲ್ಲಿ ಟ್ರಾನ್ಸ್ ಪುರುಷರೊಬ್ಬರು, ಅಂದರೆ ನನ್ನ ಮಗನಂತೆ ಹೆಣ್ಣೆಂದು ಬೆಳೆದು ಗಂಡಾಗಿ ಬದುಕುವವರು, ಹೆತ್ತ ಮಗುವಿನ ಜನನ ಪ್ರಮಾಣಪತ್ರದಲ್ಲಿ ‘ತಂದೆ’, ‘ತಾಯಿ’ ಎಂಬ ಕಾಲಂಗಳ ಬದಲು ‘ಪೋಷಕರು’ ಎಂದು ನಮೂದಿಸಿಕೊಡಬೇಕೆಂದು ಅಲ್ಲಿನ ಹೈಕೋರ್ಟ್ 2025ರ ಜೂನ್‌ನಲ್ಲಿ ಆದೇಶಿಸಿತು. ಹೆತ್ತವರೇ ತಾಯಿ ಎಂಬ ನಿಯಮವನ್ನು ಪತ್ರಲೇಖಕರು ಈ ಮಗುವಿನ ವಿಷಯದಲ್ಲಿ ಹೇಗೆ ಅನ್ವಯಿಸುತ್ತಾರೆಂಬ ಕುತೂಹಲ ನನಗಿದೆ.

ತಮ್ಮಲ್ಲಿಯೂ ಒಂದು ವಿನಂತಿ. ಮೂಲ ಲೇಖನದಲ್ಲಿಯೇ ಒಬ್ಬ ಲೇಖಕಿಯನ್ನು ಒಂದು ಸಾಲಿನಲ್ಲಿ ‘ಅವಳು’ ಎಂದೂ ಮುಂದಿನ ಸಾಲಿನಲ್ಲಿ ‘ಅವನು’ ಎಂದೂ ಬರೆಯಲಾಗಿದೆ. ಬರೆದವರಿಗೆ ಸಂದೇಹವಿದ್ದರೆ ಕನ್ನಡದಲ್ಲಿ ‘ಅವರು’ ಇದೆ. ಗೌರವವೂ ಉಳಿಯುತ್ತದೆ, ವ್ಯಾಕರಣವೂ ಕೆಡುವುದಿಲ್ಲ.

ಆಕ್ಷೇಪಿಸಿದ ಮಹನೀಯರು ಈ ಪುಸ್ತಕಗಳಲ್ಲಿ ಒಂದನ್ನಾದರೂ ಓದಿದ್ದಾರೆಯೇ ಎಂಬುದು ಅವರ ಪತ್ರದಿಂದ ಗೊತ್ತಾಗುವುದಿಲ್ಲ. ಓದುವ ಮನಸ್ಸಿದ್ದರೆ ನನ್ನ ಪ್ರತಿಯನ್ನು ಕೊಡಲು ಸಿದ್ಧಳಿದ್ದೇನೆ. ತಮ್ಮ ಕಚೇರಿಯ ಮೂಲಕ ತಿಳಿಸಿದರೆ ಸಾಕು. ಗೆರೆ ಎಳೆದ ಪುಟಗಳಿಗೆ ಬೇರೆ ಗುರುತು ಹಾಕದೆ, ಓದಿ ಹಿಂದಿರುಗಿಸಬೇಕು. ಅದು ನನ್ನ ಮಗನ ಪುಸ್ತಕ.

ಇತಿ,
ನಿವೃತ್ತ ಕನ್ನಡ ಶಿಕ್ಷಕಿ, ಹಾಸನ