ನಗೆನಾಟಕ ಬರೆಯುತ್ತಿರುವ ತಂಗಿಗೆ

ಕುಮಟಾ

ಪ್ರೀತಿಯ ತಂಗಿ,

ಶಿರಸಿಯಿಂದ ನೀನು ಕಳಿಸಿದ ಮೊದಲ ಅಂಕ ಓದಿದೆ. ತೋಟ ಇದ್ದೂ ಹೆಣ್ಣು ಸಿಗದ ಹುಡುಗ (ಮಾಣಿ), ಜಾತಕದ ಕಟ್ಟು ಹಿಡಿದು ಮನೆಮನೆ ತಿರುಗುವ ದಲ್ಲಾಳಿ, ಬೆಂಗಳೂರು ಬಿಟ್ಟು ಬರಲೊಲ್ಲದ ಹುಡುಗಿ (ಕೂಸು). ವಸ್ತು ಗಟ್ಟಿಯಾಗಿದೆ. ಹಾಡು ಹಾಕಿ ನಗೆನಾಟಕ ಮಾಡುವ ಯೋಚನೆಯೂ ನನಗೆ ಹಿಡಿಸಿತು. ಆದರೆ ಇದೇ ಜಿಲ್ಲೆಯಲ್ಲಿ, ಇದೇ ಮದುವೆಯ ವ್ಯವಹಾರದ ಮೇಲೆ ಬಂದ ಹಳೆಯ ಪ್ರಹಸನವನ್ನು ನೀನು ಮುನ್ನುಡಿಯಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀಯ. ಆ ವಾಕ್ಯವೂ ಸರಿಯಿಲ್ಲ. ಅದನ್ನು ಮೊದಲು ನೋಡೋಣ.

'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ಬಂದದ್ದು 1887ರಲ್ಲಿ. ಬರೆದವರು ಹೊನ್ನಾವರ ತಾಲೂಕಿನ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು. 'ಕನ್ಯಾವಿಕ್ರಯದ ಪರಿಣಾಮ' ಎಂದು ಇನ್ನೊಂದು ಹೆಸರನ್ನೂ ಅವರು ಜೋಡಿಸಿದ್ದರು, ಅದರಲ್ಲೇ ನಾಟಕದ ಗುರಿ ಗೊತ್ತಾಗುತ್ತದೆ. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ನಾಟಕ ಎಂದು ಅದನ್ನು ಗುರುತಿಸುತ್ತಾರೆ. ನೀನು ಬರೆದಿದ್ದೀಯ, 'ಈ ನಾಟಕದಿಂದ ಹೆಣ್ಣು ಮಾರುವ ಪದ್ಧತಿ ನಿಂತಿತು' ಎಂದು. ತೆಗೆದುಹಾಕು. ನಾಟಕ ನೋಡಿದ ಮಾರನೇ ದಿನ ಯಾವ ಪದ್ಧತಿಯೂ ನಿಲ್ಲುವುದಿಲ್ಲ. ಅದರ ಬದಲು ಆ ವರ್ಷದ ಗಾಳಿ ಹೇಗಿತ್ತು ಎಂದು ಬರೆ. ಉತ್ತರ ಕನ್ನಡ 1862ರಲ್ಲೇ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿಯ ಚರ್ಚೆ ನಮ್ಮ ಓದುಬರಹದವರ ಚರ್ಚೆಯೂ ಆಗಿತ್ತು. ಎಳವೆಯಲ್ಲಿ ಮದುವೆ ಮಾಡಿಸಿದ ಗಂಡನ ಮನೆಗೆ ಹೋಗುವುದಿಲ್ಲ ಎಂದ ರಖ್ಮಾಬಾಯಿಗೆ, 'ಗಂಡನ ಹತ್ತಿರ ಹೋಗು, ಇಲ್ಲವಾದರೆ ಆರು ತಿಂಗಳು ಜೈಲು' ಎಂದು ಮುಂಬಯಿ ಕೋರ್ಟು ಹೇಳಿದ್ದು 1887ರ ಮಾರ್ಚಿನಲ್ಲಿ. ಕರ್ಕಿಯ ಪ್ರಹಸನದ ವರ್ಷವೂ ಅದೇ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಓದುಗರಿಗೆ ಕಾಲ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ತಪ್ಪು ಹಲವರು ಮಾಡುತ್ತಾರೆ, ನೀನು ಮಾಡಬೇಡ. ಗೋವಿಂದ ಬಲ್ಲಾಳ ದೇವಲರ ಮರಾಠಿ 'ಸಂಗೀತ ಶಾರದಾ' 1899ರದ್ದು, ವಸ್ತು ಅದೇ: ಹಣದಾಸೆಗೆ ಮಗಳನ್ನು ಮುದುಕನಿಗೆ ಕೊಡಲು ಹೊರಟ ತಂದೆ. ಬಾಲ್ಯವಿವಾಹ ತಡೆಯುವ 1929ರ ಕಾಯ್ದೆಯನ್ನು ಜನ ಶಾರದಾ ಕಾಯ್ದೆ ಅನ್ನುತ್ತಾರೆ. ಆ ಹೆಸರು ನಾಟಕದಿಂದ ಬಂದದ್ದಲ್ಲ, ಮಸೂದೆ ಮಂಡಿಸಿದ ಹರ್ಬಿಲಾಸ ಸಾರ್ಡಾ ಅವರದ್ದು. ನಾಟಕದ ಪ್ರಭಾವ ದೊಡ್ಡದೇ ಇತ್ತು, ಅದಕ್ಕೆ ಇಲ್ಲದ ಕಿರೀಟ ಬೇಕಿಲ್ಲ.

ಈಗ ಹಾಡಿನ ವಿಷಯ. ಇಲ್ಲಿ ನೀನು ನಿಂತಿರುವ ನೆಲದ ಬಲ ನಿನಗೆ ಗೊತ್ತಿರಬೇಕು. 1842ರ ಸುಮಾರಿಗೆ ಕರ್ಕಿಯ ಯಕ್ಷಗಾನದ ಮೇಳ ಸಾಂಗಲಿಗೆ ಹೋಗಿ ಅಲ್ಲಿಯ ಸಂಸ್ಥಾನಿಕರ ಮುಂದೆ ಆಟ ಆಡಿತು. ಅದನ್ನು ನೋಡಿದ ದೊರೆ, ಮರಾಠಿಯಲ್ಲೂ ಇಂಥದ್ದೊಂದು ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು, 1843ರಲ್ಲಿ 'ಸೀತಾಸ್ವಯಂವರ' ರಂಗಕ್ಕೆ ಬಂತು. ಭಾವೆಯವರ ನಾಟಕದಲ್ಲಿ ಹಾಡೆಲ್ಲ ಸೂತ್ರಧಾರನದ್ದು, ನಮ್ಮ ಭಾಗವತರ ಹಾಗೆ. ಪಾತ್ರಗಳು ನಡುವೆ ಸ್ವಂತ ಮಾತು ಕಟ್ಟಿ ಆಡುತ್ತಿದ್ದವು, ನಮ್ಮ ಅರ್ಥಗಾರಿಕೆಯ ಹಾಗೆ. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ 'ಶಾಕುಂತಲ' ಬಂದಾಗ ಹಾಡು ಪಾತ್ರಗಳ ಬಾಯಿಗೆ ಬಂತು. ಕಿರ್ಲೋಸ್ಕರರು ಹುಟ್ಟಿದ್ದು ಗುರ್ಲಹೊಸೂರಿನಲ್ಲಿ, ಈಗಿನ ಬೆಳಗಾವಿ ಜಿಲ್ಲೆ. 1882ರ ಅವರ 'ಸೌಭದ್ರ'ವಂತೂ ಪೂರ್ತಿ ಹಾಡಿನ ಹಾಸ್ಯ: ಕಳ್ಳ ಸನ್ಯಾಸಿಯಾದ ಅರ್ಜುನ, ಅಣ್ಣ ಬಲರಾಮನ ಕಣ್ಣಿಗೆ ಮಣ್ಣೆರಚುವ ಕೃಷ್ಣ. ಜನ ಅದನ್ನು ತಲೆಯ ಮೇಲೆ ಹೊತ್ತರು, ಹಾಡು ಮನೆಗೆ ಒಯ್ದರು.

ಹಾಗಾಗಿ ನಿನ್ನ ಮುಂದೆ ಎರಡು ದಾರಿ ಇವೆ, ಎರಡೂ ಈ ಕಡೆಯ ಜನಕ್ಕೆ ಪರಿಚಿತ. ಭಾಗವತರು ಹಾಡಬಹುದು, ಪಾತ್ರವೇ ಹಾಡಬಹುದು. ನೀನು ಎಲ್ಲ ಹಾಡನ್ನೂ ಪಾತ್ರಗಳಿಗೇ ಕೊಟ್ಟಿದ್ದೀಯ. ಅದಕ್ಕೇ ದಲ್ಲಾಳಿಯ ಪ್ರವೇಶದ ಹಾಡು ಸಪ್ಪೆಯಾಗಿದೆ. ತಾನು ಸುಳ್ಳುಗಾರ ಎಂದು ಅವನೇ ಹಾಡಿಕೊಂಡರೆ ನಗಲು ಏನು ಉಳಿಯಿತು? ಆ ಹಾಡನ್ನು ಭಾಗವತರಿಗೆ ಕೊಡು. ಅವರು 'ಪರೋಪಕಾರಿ ಬಂದನು' ಎಂದು ಗಂಭೀರವಾಗಿ ಹಾಡುತ್ತಿರಲಿ, ದಲ್ಲಾಳಿ ಅದೇ ಹೊತ್ತಿಗೆ ಕವಳದ ತಬಕಿನಿಂದ ಅಡಿಕೆ ತೆಗೆದು ಕಿಸೆಗೆ ಹಾಕುತ್ತಿರಲಿ. ಹಾಡು ಒಂದು ಹೇಳಿ ಮೈ ಇನ್ನೊಂದು ಹೇಳಿದಾಗ ಸಭೆ ತಾನಾಗಿ ನಗುತ್ತದೆ. ಇದನ್ನು ನಮ್ಮ ಹಾಸ್ಯಗಾರರು ಎಷ್ಟೋ ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಕಪಟಿಗೆ ಭಾಗವತರ ಹಾಡು, ಮನಸ್ಸು ಬಿಚ್ಚುವವರಿಗೆ ಸ್ವಂತ ಹಾಡು. ಇಷ್ಟು ಹಂಚಿಕೆ ಮಾಡಿಕೊಂಡರೆ ನಿನ್ನ ಅರ್ಧ ತೊಂದರೆ ಹೋಗುತ್ತದೆ.

'ಶಾರದಾ'ದ ಎರಡು ಹಾಡುಗಳನ್ನು ಒಂದರ ಪಕ್ಕ ಒಂದು ಇಟ್ಟು ಕೇಳು. ಒಂದರಲ್ಲಿ ಗೆಳತಿ ಶಾರದೆಯನ್ನು ಕೀಟಲೆ ಮಾಡುತ್ತಾಳೆ: ವರ ಅಂಥ ಮುದುಕನೇನೂ ಅಲ್ಲವಂತೆ, ಬರೀ ಎಪ್ಪತ್ತೈದಂತೆ, ಮದುವೆಗೆ ಇನ್ನೂ ಸಣ್ಣವನಂತೆ. ಸಭೆ ಬಿದ್ದು ಬಿದ್ದು ನಗುವ ಹಾಡು ಅದು, ಇವತ್ತಿಗೂ ಹಾಡುತ್ತಾರೆ. ಇನ್ನೊಂದು ಶಾರದೆಯದ್ದೇ ಹಾಡು, ಭಯ ಮೈವೆತ್ತು ತನ್ನೆದುರು ನಿಂತಿದೆ ಎನ್ನುವುದು. ಮೊದಲ ಹಾಡಿಗೆ ನಕ್ಕ ಬಾಯಿ ಎರಡನೆಯದಕ್ಕೆ ತಾನೇ ಮುಚ್ಚುತ್ತದೆ. ನೋಡು, ನಗು ಮುದುಕನ ಮೇಲೆ, ದಲ್ಲಾಳಿಯ ಮೇಲೆ, ತಂದೆಯ ಮೇಲೆ. ಹುಡುಗಿಯ ಮೇಲೆ ಒಂದು ಹನಿಯೂ ಇಲ್ಲ. ನಿನ್ನ ಮೊದಲ ಅಂಕದಲ್ಲಿ ನಗು ಬರುವ ಜಾಗಗಳಿಗೆ ಪೆನ್ಸಿಲಿನಿಂದ ಗೀಟು ಎಳೆದೆ. ಹೆಚ್ಚಿನವು ಮೂವತ್ತೆಂಟು ದಾಟಿದ ಮಾಣಿಯ ಬೋಳುತಲೆಯ ಮೇಲೆ, ಉಳಿದವು ಬೆಂಗಳೂರಿನ ಕೂಸಿನ ಇಂಗ್ಲಿಷಿನ ಮೇಲೆ ಇವೆ. ಇಬ್ಬರೂ ನೊಂದವರು. ಸಭೆಯಲ್ಲಿ ಅಂಥ ಮಾಣಿಗಳು ಅಪ್ಪ-ಆಯಿಯ ಪಕ್ಕದಲ್ಲೇ ಕೂತಿರುತ್ತಾರೆ, ಮೊದಲ ಹತ್ತು ನಿಮಿಷದಲ್ಲೇ ನೀನು ಅವರನ್ನು ಕಳೆದುಕೊಳ್ಳುತ್ತೀಯ. 1887ರಲ್ಲಿ ಹಣ ಹೆಣ್ಣಿನ ತಂದೆಯ ಕೈಗೆ ಹೋಗುತ್ತಿತ್ತು, ನಗೆಯ ಬಾಣವೂ ಅತ್ತಲೇ ಹೋಗಬೇಕಿತ್ತು. ಈಗ ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ? ಹೆಸರು ನೋಂದಾಯಿಸಲು ಇಷ್ಟು, ಜಾತಕ ತೋರಿಸಲು ಇಷ್ಟು, ಮಾತುಕತೆಗೆ ಬಂದರೆ ಕಾರಿನ ಬಾಡಿಗೆ ಬೇರೆ. ಆ ಲೆಕ್ಕದ ವಹಿಯನ್ನು ರಂಗದ ಮೇಲೆ ತಾ, ನಗು ಅದರ ಮೇಲೆ ಬೀಳಲಿ.

'ಶಾರದಾ'ದ ಕೊನೆಯಿಂದಲೂ ಒಂದು ಪಾಠ ಇದೆ. ಅಲ್ಲಿ ಮದುವೆ ಮುರಿಯುವುದು ಎರಡೂ ಕಡೆಯವರು ಸಗೋತ್ರದವರು ಎಂಬುದು ಹೊರಬಿದ್ದಾಗ. ಶಾಸ್ತ್ರ ನಂಬುವ ಸಭೆಯನ್ನು ಶಾಸ್ತ್ರದಿಂದಲೇ ಒಪ್ಪಿಸಿದ ಜಾಣತನ ಅದು. ಆದರೆ ಗೋತ್ರ ಬೇರೆ ಆಗಿದ್ದರೆ ಮುದುಕನಿಗೆ ಕೊಡಬಹುದಿತ್ತೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ನಿನ್ನ ಟಿಪ್ಪಣಿಯಲ್ಲಿ ಕೊನೆಗೆ ಮಾಣಿಗೆ ಸರ್ಕಾರಿ ನೌಕರಿ ಸಿಕ್ಕಿ ಮದುವೆಯಾಗುತ್ತದೆ. ಅದೂ ಇದೇ ಬಗೆಯ ತೀರ್ಮಾನ, ಗಂಟನ್ನು ಬಿಚ್ಚದೆ ಬದಿಗಿಟ್ಟಂತೆ. ಮಾಣಿ ತೋಟದಲ್ಲೇ ಉಳಿಯಲಿ, ಅಲ್ಲಿ ಏನಾಗುತ್ತದೆ ನೋಡು.

ತೆಲುಗಿನಲ್ಲಿ ಗುರಜಾಡ ಅಪ್ಪಾರಾಯರ 'ಕನ್ಯಾಶುಲ್ಕಂ' ವಿಜಯನಗರಂನಲ್ಲಿ ಮೊದಲು ಆಡಿದ್ದು 1892ರಲ್ಲಿ, ಅಂದರೆ ಕರ್ಕಿಯ ಪ್ರಹಸನಕ್ಕಿಂತ ಐದು ವರ್ಷ ಈಚೆಗೆ. ಹೆಣ್ಣುವೇಷ ಹಾಕಿದ ಹುಡುಗನನ್ನೇ ಮುದುಕನಿಗೆ ಮದುವೆ ಮಾಡಿ ಮಾರುವ ತಂತ್ರ ಅದರಲ್ಲಿದೆ, ಆಗ ಸ್ತ್ರೀವೇಷವೆಲ್ಲ ಗಂಡಸರೇ ಕಟ್ಟುತ್ತಿದ್ದ ಕಾಲ ಎಂಬುದನ್ನು ನೆನೆದರೆ ಆ ದೃಶ್ಯದ ಚಮತ್ಕಾರ ಇನ್ನೂ ಹೆಚ್ಚುತ್ತದೆ. ಮೂರು ವರ್ಷದಲ್ಲಿ ಆಗಿನ ವಿಶಾಖಪಟ್ಟಣ ಜಿಲ್ಲೆಯಲ್ಲಿ ಹಣ ಪಡೆದು ಮಾಡಿದ ಮದುವೆಗಳು 1034 ಎಂಬ ಲೆಕ್ಕವನ್ನು ಗುರಜಾಡರು ಪೀಠಿಕೆಯಲ್ಲಿ ಕೊಟ್ಟರು. ನಾಟಕದೊಳಗೆ ಅಂಕಿಸಂಖ್ಯೆಯ ಭಾಷಣ ತರಲಿಲ್ಲ. ನಿನ್ನ ಮೂರನೇ ದೃಶ್ಯದಲ್ಲಿ ಮಾಸ್ತರರು ಮಾಡುವ ಒಂದೂವರೆ ಪುಟದ ಭಾಷಣ ಮುನ್ನುಡಿಗೆ ಹೋಗಲಿ. 1909ರಲ್ಲಿ ಗುರಜಾಡರು ನಾಟಕವನ್ನು ಹಿಗ್ಗಿಸಿ ಬೇರೆಯೇ ರೂಪದಲ್ಲಿ ತಂದರು, ಇಂದು ಎಲ್ಲರೂ ಮೆಚ್ಚುವುದು ಆ ರೂಪವನ್ನು. ತಿದ್ದಲು ಹೇಸಬೇಡ.

ಭಾಷೆ. ಸೂರಿಯವರು ನಮ್ಮ ಹವ್ಯಕ ಬ್ರಾಹ್ಮಣರ ಮನೆಮಾತನ್ನೇ ರಂಗಕ್ಕೆ ತಂದರು, 1887ರಲ್ಲಿ ಅದು ಸಣ್ಣ ಧೈರ್ಯವಲ್ಲ. ನೀನು ಧೈರ್ಯ ಮಾಡಿದ್ದೀಯ, ಆದರೆ ಶಿರಸಿ ಕಡೆಯ ಮಾತು, ಕರಾವಳಿಯ ಮಾತು, ಪುಸ್ತಕದ ಮಾತು ಒಂದೇ ಪಾತ್ರದ ಬಾಯಲ್ಲಿ ಕಲೆತಿವೆ. ದಲ್ಲಾಳಿ ಘಟ್ಟದ ಕೆಳಗಿನವನಾದರೆ ಕೊನೆಯವರೆಗೂ ಹಾಗೇ ಆಡಲಿ. ನಿನ್ನದೇ ಒಂದು ಸಾಲು ತೆಗೆದುಕೋ:

'ಮನೇಲಿ ಆಯಿ ಇದ್ದು, ಮಾಣಿಗೆ ನಾಕು ಎಕರೆ ತೋಟ ಇದ್ದು, ಹೊಸಾ ಕಾರು ಇದ್ದು.'

ಸಭೆ ಇದಕ್ಕೆ ನಗುವುದಿಲ್ಲ. ಹೀಗೆ ತಿರುಗಿಸು:

'ಮಾಣಿಗೆ ನಾಕು ಎಕರೆ ತೋಟ ಇದ್ದು, ಹೊಸಾ ಕಾರು ಇದ್ದು… ಮನೇಲಿ ಆಯಿ ಇದ್ದು.'
'ಆಯಿ ಇದ್ದಾ? ಹಂಗಾರೆ ಬ್ಯಾಡ.'

ತೋಟ, ಕಾರು ಎಂದು ಕಿವಿ ಒಂದು ಓಟಕ್ಕೆ ಒಗ್ಗಿದ ಮೇಲೆ ಆಯಿ ಬರಬೇಕು, ಅದೂ ಸಾಲಿನ ತುದಿಯಲ್ಲಿ. ಪುಸ್ತಕದ ಕನ್ನಡದಲ್ಲಿ 'ತೋಟ ಇದೆ, ಕಾರು ಇದೆ, ತಾಯಿ ಇದ್ದಾರೆ' ಎಂದರೆ ಓಟ ಮುರಿಯುತ್ತದೆ, ನಗುವೂ ಹೋಗುತ್ತದೆ. 'ಬ್ಯಾಡ' ಎಂದ ಮೇಲೆ ಎರಡು ಮೂರು ಕ್ಷಣ ಯಾರೂ ಮಾತಾಡಬಾರದು. ಅದರ ಬೆನ್ನಿಗೇ ಕಥೆಗೆ ಬೇಕಾದ ಮುಖ್ಯ ಮಾತನ್ನು ಇಟ್ಟರೆ ನಗೆಯ ಗದ್ದಲದಲ್ಲಿ ಮುಳುಗಿ, ಮುಂದಿನ ದೃಶ್ಯ ಯಾರಿಗೂ ಅರ್ಥವಾಗುವುದಿಲ್ಲ. ಅಲ್ಲಿ ತಬಕು ಸರಿಸುವುದೋ, ಚಾ ಲೋಟ ಇಡುವುದೋ, ಮಾತಿಲ್ಲದ ಕೆಲಸ ಕೊಡು.

ಹಾಡು ಎಷ್ಟು? 'ಶಾಕುಂತಲ'ದಲ್ಲಿ ಇನ್ನೂರರ ಆಸುಪಾಸು ಪದಗಳಿದ್ದವು, ಆ ಕಾಲದ ಸಭೆ ರಾತ್ರಿಯಿಡೀ ಕೂರುತ್ತಿತ್ತು. ನಿನ್ನದು ಎರಡು ತಾಸಿನ ನಾಟಕ. ಎಂಟು ಹಾಡು ಸಾಕು, ಒಂದೊಂದು ಮೂರು ನಿಮಿಷ ಮೀರದಿರಲಿ. ನಗೆಯ ಹಾಡಿಗೆ ಎರಡು ಸಾಲಿನ ಪಲ್ಲವಿ, ಮೂರು ಚರಣ. ಒಂದು ಅಕ್ಷರಕ್ಕೆ ಒಂದೇ ಸ್ವರ ಇರುವಂತೆ ಕಟ್ಟಿಸು, ಆಲಾಪನೆ ಬೆಳೆದರೆ ಮಾತು ಕೇಳುವುದಿಲ್ಲ, ಮಾತು ಕೇಳದೆ ನಗೆ ಇಲ್ಲ. ದಲ್ಲಾಳಿಗೆ ಏಕತಾಳದ ಚುರುಕು ನಡೆ ಒಪ್ಪುತ್ತದೆ. ಏಳು ಮಾತ್ರೆಯ ತ್ರಿವುಡೆ ತಾಳವನ್ನು ಕೂಸಿನ ಹಾಡಿಗೆ ಇಟ್ಟುಕೋ, ಅದರ ಎಳೆತ ಅವಳ ಮನಸ್ಸಿಗೆ ಹೊಂದುತ್ತದೆ. ಮಾಣಿಯ ಆಯಿಗೆ ಒಂದು ಭಾಮಿನಿ ಷಟ್ಪದಿ ಬರೆ. ತಾಳವಿಲ್ಲದೆ ಹಾಡುವುದರಿಂದ ಅಷ್ಟೂ ಹೊತ್ತಿನ ಗಲಾಟೆ ಒಮ್ಮೆಲೇ ತಗ್ಗುತ್ತದೆ. ಚಂಡೆ ಮಾತ್ರ ಹಾಡಿನ ಕೊನೆಗೆ ಬರಲಿ. ಸಣ್ಣ ಸಭಾಭವನದಲ್ಲಿ ಚಂಡೆ ಹಾಡಿನ ನಡುವೆ ಬಂದರೆ ಸಾಹಿತ್ಯ ಪೂರ್ತಿ ಮುಚ್ಚಿಹೋಗುತ್ತದೆ, ಮದ್ದಳೆ ಸಾಕು.

ಹಾಡನ್ನು ಎಲ್ಲಿ ಇಡಬೇಕು ಎಂದು ಕೇಳಿದ್ದೀಯ. ಮಾತಿನಲ್ಲಿ ಈಗಾಗಲೇ ಹೇಳಿದ್ದನ್ನು ಹಾಡು ಮತ್ತೆ ಹೇಳಬಾರದು. ಹಾಡು ಕಿತ್ತು ತೆಗೆದರೂ ಕಥೆ ಅರ್ಥವಾಗುತ್ತದೆ ಅಂತಾದರೆ ಆ ಹಾಡು ಅಲ್ಲಿ ಬೇಡ. ನಿನ್ನ ಎರಡನೇ ಹಾಡು, ತೋಟದ ವರ್ಣನೆ, ಹಾಗೆ ಬಿದ್ದುಹೋಗುತ್ತದೆ. ಸಾಲುಗಳು ಚೆನ್ನಾಗಿವೆ, ಬೇರೆ ಕಡೆ ಬಳಸಿಕೋ.

ಪ್ರಯೋಗ ಅಡಿಕೆ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಇಟ್ಟುಕೋ. ಅದಕ್ಕೆ ಮುಂಚೆ ಹತ್ತು ಹದಿನೈದು ಜನರ ಮುಂದೆ ಒಂದು ಜಗಲಿಯ ಮೇಲೆ ಓದಿಸು, ಅದರಲ್ಲಿ ನಾಟಕದ ರೂಢಿ ಇಲ್ಲದವರು ಅರ್ಧದಷ್ಟಾದರೂ ಇರಲಿ. ನೀನು ಪ್ರತಿ ಹಿಡಿದು ಬದಿಗೆ ಕೂತು, ರಂಗ ನೋಡದೆ ಸಭೆಯನ್ನು ನೋಡು. ನಕ್ಕಲ್ಲಿ ಒಂದು ಗುರುತು, ನಗುತ್ತಾರೆ ಎಂದು ನೀನು ಎಣಿಸಿ ನಗದಲ್ಲಿ ಇನ್ನೊಂದು, ಹೆಂಗಸರು ಮಾತ್ರ ನಕ್ಕಲ್ಲಿ ಮತ್ತೊಂದು. ಈ ಮೂರನೆಯ ಗುರುತನ್ನು ಯಾರೂ ಹಾಕುವುದಿಲ್ಲ. ಮದುವೆಯ ನಾಟಕಕ್ಕೆ ಅದು ಬಹಳ ಬೇಕು, ಏಕೆಂದರೆ ಅತ್ತೆ-ಸೊಸೆಯ ಮಾತು, ಅಡುಗೆಮನೆಯ ಮಾತು ನಿಜವೋ ಕಟ್ಟಿದ್ದೋ ಎಂದು ಅವರಿಗೆ ತಟ್ಟನೆ ಗೊತ್ತಾಗುತ್ತದೆ. ಓದು ಮುಗಿದ ಮೇಲೆ 'ಹೇಗಿತ್ತು' ಎಂದು ಕೇಳಬೇಡ, ಎಲ್ಲರೂ ಚಲೋ ಇತ್ತು ಅನ್ನುತ್ತಾರೆ. 'ದಲ್ಲಾಳಿ ಕೊನೆಗೆ ಎಷ್ಟು ದುಡ್ಡು ತೆಗೆದುಕೊಂಡ' ಎಂದು ಕೇಳು. ಉತ್ತರ ತಪ್ಪಿದರೆ ನಿನ್ನ ಕಥೆಯ ಎಳೆ ಎಲ್ಲೋ ನಗೆಯಲ್ಲಿ ತಪ್ಪಿದೆ, ಆ ಜಾಗ ಹುಡುಕು.

ನಾಟಕ ನೋಡಿ ನಮ್ಮವರಲ್ಲೇ ಕೆಲವರು ಮುನಿಸಿಕೊಳ್ಳುತ್ತಾರೆ, ಮನೆಯ ಮಾತನ್ನು ಬೀದಿಗೆ ತಂದಳು ಎನ್ನುತ್ತಾರೆ. ಅವರ ಆಕ್ಷೇಪವನ್ನು ಅವರದ್ದೇ ಮಾತಿನಲ್ಲಿ, ತಾರೀಖು ಹಾಕಿ, ಬರೆದಿಡು. ಕರಪತ್ರ, ಹಾಡಿನ ಹಾಳೆ, ಯಾವ ಊರಿನಲ್ಲಿ ಎಂದು ಆಡಿದಿರಿ ಎಂಬ ಪಟ್ಟಿ, ಇವನ್ನೂ ಒಂದು ಫೈಲಿನಲ್ಲಿ ಇಡು. ಹಳೆಯ ನಾಟಕಗಳ ಅಚ್ಚಾದ ಪ್ರತಿ ಉಳಿಯುತ್ತದೆ, ಸಭೆ ಏನೆಂದಿತು ಎಂಬುದು ಉಳಿಯುವುದಿಲ್ಲ. ನಿನ್ನ ನಾಟಕದ ಮೇಲೆ ಮುಂದೆ ಬರೆಯುವವರಿಗೆ ಅದೇ ಬೇಕಾಗುತ್ತದೆ.

ಎರಡನೇ ಅಂಕ ಬರೆಯುವ ಮೊದಲು ಭಾಗವತರೊಬ್ಬರ ಹತ್ತಿರ ಕೂತು ಎಂಟೂ ಹಾಡುಗಳ ತಾಳ ಗೊತ್ತುಮಾಡಿಕೋ. ಆಮೇಲೆ ಕಳಿಸು, ಓದಿ ತಿರುಗಿ ಬರೆಯುತ್ತೇನೆ.

ಇಂತಿ,
ನಿನ್ನ ಅಕ್ಕ