ಅತ್ತೆಗೆ ಚಾಪೆ ಹಾಸಿಕೊಟ್ಟ ಮನೆಗಳಿಗೆ

ಪೈರು ಹೊತ್ತ ಗದ್ದೆಗೆ ಪೂಜೆ ಮಾಡುವ ನಮ್ಮ ಭೂಮಿ ಹುಣ್ಣಿಮೆ ಈ ಸಲದ್ದು ಮುಗಿಯಿತು. ಅತ್ತೆ ಇಲ್ಲದ ಮೊದಲ ಹುಣ್ಣಿಮೆ. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಾಗ ಬಂದವರ ಜೊತೆ, ಫೋನ್ ಮಾಡಿದವರ ಜೊತೆ ಸರಿಯಾಗಿ ಮಾತಾಡಲೂ ಆಗಿರಲಿಲ್ಲ. ಒಬ್ಬೊಬ್ಬರಿಗೇ ಹೇಳುತ್ತಾ ಕೂತರೆ ಮುಗಿಯುವುದಿಲ್ಲ. ಹಾಗಾಗಿ ಮನೆಯವರೆಲ್ಲರ ಪರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅತ್ತೆ ಅಂದರೆ ನಮ್ಮ ಅಪ್ಪನ ತಂಗಿ. ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯವಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಹುಟ್ಟಿದ ಮನೆ, ಗದ್ದೆ ಎಲ್ಲ ನೀರಿಗೆ ಹೋಯಿತು. ಆಗಿನ್ನೂ ಲಂಗ ಉಡುವ ವಯಸ್ಸು ಅವಳಿಗೆ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆ ಒಂದೊಂದು ಸಲ ಒಂದೊಂದು ಕಾರಣ ಹೇಳುತ್ತಿದ್ದಳು. ಒಂದು ಬಟ್ಟೆ ಚೀಲ, ಎಲೆ ಅಡಿಕೆ ಸಂಚಿ, ಒಂದು ಕೊಡೆ. ಇಷ್ಟು ಕೈಗೆ ಬಂದರೆ ಹೊರಟಳು ಅಂತಲೇ ಲೆಕ್ಕ. ಯಾವಾಗ ಬರ್ತೀಯಾ ಅಂದರೆ "ಬಂದಾಗ ನೋಡೀರಂತೆ" ಅನ್ನುವಳು. ಅಜ್ಜ ಇದಕ್ಕೆ ಬೈದು ಬೈದು ಸುಸ್ತಾಗಿದ್ದ.

ಅವಳ ಕೆಲಸ ಚಿತ್ತಾರ ಬರೆಯುವುದು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಅಂದರೆ ಹಸೆ ಗೋಡೆ, ಅಂದರೆ ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆ, ಬರೆಯಲೇಬೇಕು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ. ನಾರಿನ ತುದಿಯನ್ನು ಹಲ್ಲಲ್ಲೇ ಕಚ್ಚಿ ಸರಿ ಮಾಡುತ್ತಿದ್ದಳು. ಗೆರೆ ಎಳೆಯಲು ಶುರು ಮಾಡಿದರೆ ಉಸಿರು ಬಿಗಿಹಿಡಿಯುತ್ತಿದ್ದಳು. ಆ ಹೊತ್ತಲ್ಲಿ ಯಾರಾದರೂ "ಕಾಫಿ ಕುಡೀತೀಯಾ" ಅಂದರೆ ಉತ್ತರ ಇಲ್ಲ. ಗೆರೆ ಮುಗಿದ ಮೇಲೆ "ಹೂಂ, ಕೊಡು." ಸ್ಕೇಲ್ ಇಲ್ಲ, ದಾರ ಇಲ್ಲ, ಆದರೂ ತೇರಿನ ಆ ಸಣ್ಣ ಸಣ್ಣ ಗೆರೆಗಳಲ್ಲಿ ಒಂದೂ ಸೊಟ್ಟ ಆಗುತ್ತಿರಲಿಲ್ಲ. ಅಂಗಡಿ ಬಣ್ಣ ಮುಟ್ಟಬಾರದು ಅನ್ನುವ ಮಡಿವಂತಿಕೆ ಏನೂ ಇರಲಿಲ್ಲ. ಸಿಕ್ಕಿದರೆ ಅದನ್ನೂ ಬಳಸಿ, "ಇದು ಬೇಗ ಒಣಗುತ್ತೆ, ಬೇಗ ಹೊರಡಬಹುದು" ಅನ್ನುತ್ತಿದ್ದಳು.

ಈ ಕೆಲಸದ ನೆಪದಲ್ಲೇ ಅವಳು ಊರೂರು ತಿರುಗಿದ್ದು. ಸಾಗರ, ಸೊರಬ, ಹೊಸನಗರ, ಸಿದ್ದಾಪುರ. ಮದುವೆ ಮುಗಿದು ವಾರ ಕಳೆದರೂ ಅಲ್ಲೇ ಇರುತ್ತಿದ್ದಳು. ಅವಳು ಹೋದ ಮೇಲೆ ನಮಗೆ ಗೊತ್ತೇ ಇಲ್ಲದ ಮನೆಗಳವರು ಬಂದರು. "ನಮ್ಮ ಅಮ್ಮನ ಬಾಣಂತನ ಮಾಡಿದ್ದು ಅವರೇ" ಅಂದರು ಒಬ್ಬರು. ಇನ್ನೊಬ್ಬರ ಮನೆಯಲ್ಲಿ ಅವಳದ್ದೇ ಅಂತ ಒಂದು ಚಾಪೆ, ಒಂದು ಲೋಟ ಇಟ್ಟಿದ್ದರಂತೆ. ನಾವು ಇಷ್ಟು ವರ್ಷ "ಎಲ್ಲಿ ಬಿದ್ದಿದ್ದಾಳೋ, ಉಂಡಳೋ ಇಲ್ಲವೋ" ಅಂತ ಚಿಂತೆ ಮಾಡಿದ್ದು ಸುಮ್ನೆ. ಹೊತ್ತು ಹೊತ್ತಿಗೆ ಬಿಸಿ ಬಿಸಿ ಉಂಡುಕೊಂಡೇ ಇದ್ದಳು! ನಿಮ್ಮ ಮನೆ ಬಾಗಿಲು ತೆರೆದಿರದಿದ್ದರೆ ಅತ್ತೆ ಅತ್ತೆಯಾಗಿ ಬದುಕಲು ಆಗುತ್ತಿರಲಿಲ್ಲ. ಮೊದಲ ನಮಸ್ಕಾರ ನಿಮಗೇ.

ಶಿವಮೊಗ್ಗದ ಆಸ್ಪತ್ರೆಯ ಸಿಸ್ಟರ್‌ಗಳಿಗೂ ಹೇಳಬೇಕು. ಗುಳಿಗೆ ಕವರಿನ ಮೇಲೆಲ್ಲ ಬಾಲ್‌ಪೆನ್‌ನಲ್ಲಿ ಚಿತ್ತಾರ ಬರೆದಿಟ್ಟವಳನ್ನು ನೀವು ಬೈಯಲಿಲ್ಲ. ಬದಲಿಗೆ ಹೊಸ ಕವರ್ ತಂದುಕೊಟ್ಟಿರಿ.

ಇನ್ನು ನಮ್ಮನ್ನು ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚಿನವರು. ಆಗಿನ್ನೂ ಸೇತುವೆ ಓಡಾಟಕ್ಕೆ ತೆರೆದಿರಲಿಲ್ಲ. ಕತ್ತಲಾದರೆ ಲಾಂಚ್ ಇರುತ್ತಿರಲಿಲ್ಲ. ನಾವು ಅವಳನ್ನು ಆಸ್ಪತ್ರೆಯಿಂದ ತರುವಾಗ ದಾರಿಯಲ್ಲೇ ಸಂಜೆಯಾಗಿತ್ತು. ಈ ರಾತ್ರಿ ಈಚೆ ದಡದಲ್ಲೇ ಅಂದುಕೊಂಡೆವು. ಬಂದು ನೋಡಿದರೆ ಲಾಂಚ್ ನಿಂತಿದೆ. ಸುದ್ದಿ ಅವರಿಗೆ ಯಾರು ಮುಟ್ಟಿಸಿದರೋ ಗೊತ್ತಿಲ್ಲ. "ಎಷ್ಟು ಸಲ ಕೂಗಿ ಲಾಂಚ್ ನಿಲ್ಲಿಸಿದ್ದಾರೆ ಅಜ್ಜಿ, ಇವತ್ತು ನಾವೇ ನಿಂತ್ವಿ" ಅಂದರು. ಎಲೆ ಅಡಿಕೆ ಕೊಟ್ಟು ಮಾತಾಡಿಸಿಕೊಂಡೇ ಅವಳು ಅವರನ್ನೆಲ್ಲ ನೆಂಟರು ಮಾಡಿಕೊಂಡಿದ್ದಳು. ಅಣ್ಣಂದಿರೇ, ಆ ಋಣ ದೊಡ್ಡದು.

2025ರ ಜುಲೈ 14ರಂದು ಸೇತುವೆ ಉದ್ಘಾಟನೆ ಆಯಿತು. ಈಗ ಆಂಬುಲೆನ್ಸ್ ಯಾರಿಗೂ ಕಾಯದೆ ದಾಟುತ್ತೆ. ದ್ವೀಪದಂತಿದ್ದ ನಮ್ಮ ಊರುಗಳ ಎಷ್ಟೋ ವರ್ಷದ ಕೂಗು ಅದು. ಬಂದದ್ದು ತಡವಾಯಿತು ಅನ್ನುವ ಸಿಟ್ಟು ನನಗೆ ಇನ್ನೂ ಇದೆ. ಅತ್ತೆಗೆ ಮಾತ್ರ ಸಿಟ್ಟೇನೂ ಇರಲಿಲ್ಲ, ಬರೀ ಕುತೂಹಲ. ಸೇತುವೆ ಕೆಲಸದ ಹುಡುಗರಿಗೆ ಕಡುಬು ಕಟ್ಟಿಕೊಂಡು ಹೋಗಿ, ಭಾಷೆ ಬಾರದಿದ್ದರೂ ಗಂಟೆಗಟ್ಟಲೆ ಹರಟಿ ಬರುತ್ತಿದ್ದಳು.

ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಈ ಸಲ ಚಿತ್ತಾರ ಬರೆಯುವವರು ಯಾರು ಅಂತ ನಾವು ಯೋಚನೆಯಲ್ಲಿದ್ದೆವು. ಅಂಗಡಿ ಬುಟ್ಟಿ ತರೋಣ ಅಂತಲೂ ಮಾತಾಯಿತು. ಅಷ್ಟರಲ್ಲಿ ಅತ್ತೆಯ ಹತ್ತಿರ ಕಲಿತ ಹೆಣ್ಣುಮಕ್ಕಳು ತಾವೇ ಬಂದರು. ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಭೂಮಣ್ಣಿ ಬುಟ್ಟಿ ಪೂರ್ತಿ ಬರೆದುಕೊಟ್ಟರು. ಒಂದೆರಡು ಗೆರೆ ಸೊಟ್ಟ ಇದ್ದವು. ಅತ್ತೆ ಇದ್ದಿದ್ದರೆ ಅಳಿಸಿ ಮತ್ತೆ ಬರೆಸುತ್ತಿದ್ದಳು, ಅದರಲ್ಲಿ ಅನುಮಾನ ಬೇಡ. ಅವತ್ತು ಬೆಳಗಾಗುವ ಮೊದಲೇ ಅದೇ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಿ ಬಂದೆವು. ಥ್ಯಾಂಕ್ಸ್ ಕಣ್ರೇ.

ಕೊನೆಗೆ ಒಂದೆರಡು ಕೋರಿಕೆ. ನಿಮ್ಮ ಮನೆಯಲ್ಲಿ ಅವಳು ಬರೆದ ಗೋಡೆ ಇದ್ದರೆ, ಪೇಂಟ್ ಹೊಡೆಸುವ ಮೊದಲು ಒಂದು ಫೋಟೋ ತೆಗೆದು ಕಳಿಸಿ. ಹೊಡೆಸಬೇಡಿ ಅಂತ ಹೇಳುತ್ತಿಲ್ಲ, ಅವಳೂ ಹೇಳುತ್ತಿರಲಿಲ್ಲ. ಹಾಗೇ, ಅತ್ತೆ ಯಾರ ಹತ್ತಿರವಾದರೂ ಕೈಗಡ ತಂದಿದ್ದರೆ ಸಂಕೋಚ ಇಲ್ಲದೆ ತಿಳಿಸಿ. ತಂದೇ ಇರುತ್ತಾಳೆ, ನಮಗೆ ಗೊತ್ತು. ಅಡಿಕೆ ಮಾರಿದ ಕೂಡಲೇ ತೀರಿಸುತ್ತೇವೆ.